ಇನ್‌ಹೇಲರಿನಲ್ಲಿ ಸಿಕ್ಕ ಪ್ರತಿಯೊಂದು ಅನ್ಯಕಣದ (ಔಷಧಿಗೆ ಸೇರದ ಹೊರಗಿನ ಚೂರಿನ) ಮೂಲವನ್ನೂ ಪತ್ತೆಹಚ್ಚಬೇಕೇ?

ಪರ

ಮಾತ್ರೆಯೊಡನೆ ಹೊಟ್ಟೆಗೆ ಹೋದ ಧೂಳನ್ನು ದೇಹ ಸಾಮಾನ್ಯವಾಗಿ ಹೊರಹಾಕುತ್ತದೆ. ಆದರೆ ಸುಮಾರು 5 ಮೈಕ್ರಾನಿಗಿಂತ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಸಣ್ಣ ಕಣ ಉಸಿರಿನೊಂದಿಗೆ ಶ್ವಾಸಕೋಶದ ಆಳಕ್ಕೆ ಇಳಿಯಬಲ್ಲದು. ಔಷಧಿಯನ್ನು ಅಷ್ಟು ನುಣ್ಣಗೆ ಪುಡಿ ಮಾಡುವುದೇ ಅದಕ್ಕಾಗಿ, ಆ ದಾರಿ ಬೇಡದ ಕಣಕ್ಕೂ ತೆರೆದಿರುತ್ತದೆ. ಉಬ್ಬಸದವರು ಇದನ್ನು ವರ್ಷಗಟ್ಟಲೆ, ದಿನವೂ ಎಳೆದುಕೊಳ್ಳುತ್ತಾರೆ ಎಂಬುದನ್ನು ಮರೆಯಬಾರದು.

ಇನ್‌ಹೇಲರಿನ ಔಷಧಿಯನ್ನು ಸೋಸಿದ ಪೊರೆಯ ಮೇಲೆ ಉಳಿದ ಒಂದು ಹೊಳೆಯುವ ಚೂರನ್ನೇ ನೋಡೋಣ. ಎಣಿಕೆಯ ಪಟ್ಟಿಯಲ್ಲಿ ಅದು ಬರಿಯ ಒಂದು ಅಂಕಿ. ಅದನ್ನೇ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಇಟ್ಟು, ಹೊಮ್ಮುವ ಕ್ಷ-ಕಿರಣಗಳನ್ನು ಅಳೆದಾಗ ಕಬ್ಬಿಣ, ಕ್ರೋಮಿಯಂ, ನಿಕಲ್ ಮೂರೂ ಕಂಡರೆ ಅದು ಸ್ಟೇನ್‌ಲೆಸ್ ಸ್ಟೀಲ್. ಸ್ಪ್ರೇ ಇನ್‌ಹೇಲರಿನ ವಾಲ್ವಿನೊಳಗಿನ ಸ್ಪ್ರಿಂಗನ್ನೋ ಪುಡಿ ಮಾಡುವ ಯಂತ್ರವನ್ನೋ ಪರೀಕ್ಷಿಸಬೇಕು. ಅಲ್ಯೂಮಿನಿಯಂ ಮಾತ್ರ ಕಂಡರೆ ಡಬ್ಬಿಯ ಒಳಗೋಡೆಯ ಮೇಲೆ ಅನುಮಾನ. ಹೆಸರು ತಿಳಿಯದ ಕಣದ ಮೂಲವನ್ನು ಯಾರೂ ಮುಚ್ಚಲಾರರು.

ವಿರೋಧ

ಕಾಳಜಿ ಸರಿಯಾದದ್ದೇ, ದಾರಿ ಸರಿಯಿಲ್ಲ. ಪುಡಿ ಇನ್‌ಹೇಲರಿನಲ್ಲಿ ಕಣ ಹುಡುಕಬೇಕಾದರೆ ಮೊದಲು ಅದರಲ್ಲಿ ಔಷಧಿಯೊಡನೆ ಬೆರೆತಿರುವ ಲ್ಯಾಕ್ಟೋಸನ್ನು (ಹಾಲಿನ ಸಕ್ಕರೆಯನ್ನು) ನೀರಿನಲ್ಲಿಯೂ, ನೀರಿನಲ್ಲಿ ಕರಗದ ಔಷಧಿಯನ್ನು ತಕ್ಕ ದ್ರಾವಕದಲ್ಲಿಯೂ ಕರಗಿಸಿ ಸೋಸಬೇಕು. ಈ ಪ್ರತಿ ಹಂತದಲ್ಲೂ ದ್ರಾವಕದಿಂದ, ಗಾಜಿನ ಪಾತ್ರೆಯಿಂದ, ಪರೀಕ್ಷಕರ ಬಟ್ಟೆಯ ನೂಲಿನಿಂದ ಹೊಸ ಕಣಗಳು ಸೇರಬಹುದು. ಔಷಧಿಯಿಲ್ಲದ ಖಾಲಿ ಮಾದರಿಯನ್ನೂ ಜೊತೆಗೇ ಸೋಸಿ ಹೋಲಿಸದಿದ್ದರೆ, ಗುರುತು ಹಚ್ಚಿದ ಹತ್ತಿಯ ಎಳೆ ಪ್ರಯೋಗಾಲಯದ್ದೇ ಆಗಿರಬಹುದು.

ಉಪಕರಣಗಳಿಗೂ ಮಿತಿಯಿದೆ. ಅವಗೆಂಪು ಬೆಳಕಿನಿಂದ ವಸ್ತುವನ್ನು ಗುರುತಿಸುವ ಸೂಕ್ಷ್ಮದರ್ಶಕವು ಸುಮಾರು 10 ಮೈಕ್ರಾನಿಗಿಂತ ಸಣ್ಣ ಕಣದಲ್ಲಿ ತಡವರಿಸುತ್ತದೆ. 1928ರಲ್ಲಿ ಸಿ.ವಿ. ರಾಮನ್ ಕಲ್ಕತ್ತೆಯಲ್ಲಿ ಕಂಡ, ಚದುರಿದ ಬೆಳಕಿನ ಬಣ್ಣ ಬದಲಾಗುವ ಪರಿಣಾಮವನ್ನು ಆಧರಿಸಿ ಲೇಸರಿನಿಂದ ಕಣವನ್ನು ಗುರುತಿಸುವ ವಿಧಾನ ಒಂದು ಮೈಕ್ರಾನಿನವರೆಗೂ ಇಳಿಯುತ್ತದೆ, ನಿಜ. ಆದರೆ ವಾಲ್ವಿನ ಕಪ್ಪು ರಬ್ಬರಿನ ಚೂರು ಲೇಸರಿನ ಬಿಸಿಗೆ ಸುಟ್ಟುಹೋಗಬಹುದು. ಅತಿ ಆಳಕ್ಕೆ ಇಳಿಯುವ ಕಣಗಳೇ ಗುರುತಿಗೆ ಅತಿ ಕಷ್ಟದವು ಎಂಬುದು ಪರ ವಾದಿಸುವವರು ಉತ್ತರಿಸಬೇಕಾದ ಪ್ರಶ್ನೆ.

ರಕ್ತಕ್ಕೇ ಸೇರುವ ಇಂಜೆಕ್ಷನ್ನಿಗೂ ಅಮೆರಿಕದ ಔಷಧಕೋಶ (ಔಷಧಿಗಳ ಗುಣಮಟ್ಟದ ನಿಯಮಗಳ ಗ್ರಂಥ) ಕಣ್ಣಿಗೆ ಕಾಣದ ಕಣಗಳ ಎಣಿಕೆಯ ಮಿತಿಯನ್ನೇ ಇಟ್ಟಿದೆ: ಕಣಗಳು ಬೆಳಕನ್ನು ತಡೆಯುವುದನ್ನು ನೋಡಿ ಎಣಿಸುವ ವಿಧಾನದಲ್ಲಿ, 100 ಮಿಲೀ ವರೆಗಿನ ಒಂದು ಬಾಟಲಿಗೆ 10 ಮೈಕ್ರಾನ್ ಮತ್ತು ಅದಕ್ಕೂ ದೊಡ್ಡವು 6000, 25 ಮೈಕ್ರಾನ್ ಮತ್ತು ಅದಕ್ಕೂ ದೊಡ್ಡವು 600. ಔಷಧಿಯನ್ನು ರೂಪಿಸುವಾಗಲೇ ಸ್ಪ್ರಿಂಗ್, ಗ್ಯಾಸ್ಕೆಟ್, ಡಬ್ಬಿ, ರಟ್ಟು ಎಲ್ಲದರ ರೋಹಿತಗಳನ್ನು (ಪ್ರತಿ ವಸ್ತು ಬೆಳಕಿನಲ್ಲೋ ಕ್ಷ-ಕಿರಣದಲ್ಲೋ ತೋರುವ ತನ್ನದೇ ಗುರುತನ್ನು) ದಾಖಲಿಸಿಟ್ಟುಕೊಂಡು, ಆಮೇಲೆ ಗಾತ್ರವಾರು ಎಣಿಸುತ್ತ, ಎಣಿಕೆ ಎಂದಿನ ಮಟ್ಟ ಮೀರಿದ ಬ್ಯಾಚಿನಲ್ಲಿ ಮಾತ್ರ ಗುರುತಿಸುವಿಕೆಗೆ ಇಳಿಯುವುದು ಮೇಲು. ಉಳಿದ ಸಮಯ, ವಾಲ್ವಿನ ಬಿಡಿಭಾಗಗಳನ್ನು ಜೋಡಿಸುವ ಮುನ್ನ ಚೆನ್ನಾಗಿ ತೊಳೆಯುವುದಕ್ಕೆ ಸಲ್ಲಲಿ.