ಒಂದು ಕಪ್ ಗಾಳಿ

ಒಂದು ಕಪ್ ಮೈದಾ ಅಂದರೆ ಎಷ್ಟು ಗ್ರಾಂ? ಕಪ್ಪನ್ನು ಗ್ರಾಂಗೆ ಇಳಿಸಿ ಹೇಳುವ ಒಂದು ಪಟ್ಟಿ 120 ಅನ್ನುತ್ತದೆ. ಇನ್ನೊಂದು 125. ಮತ್ತೊಂದು ಯಾವ ಅಳುಕೂ ಇಲ್ಲದೆ 140 ಅಂತ ಬರೆದುಬಿಡುತ್ತದೆ. ಇದರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ, ಅದೇ ತಮಾಷೆ.

ಮೈದಾವನ್ನು ಚಮಚದಿಂದ ಮೆಲ್ಲಗೆ ಕಪ್‌ಗೆ ಉದುರಿಸಿ, ಮೇಲೆ ಚಾಕುವಿನ ಬೆನ್ನಿನಿಂದ ಸವರಿದರೆ 120ರ ಆಸುಪಾಸು ಬರುತ್ತದೆ. ಅದೇ ಕಪ್ಪನ್ನು ಡಬ್ಬಿಯೊಳಗೇ ತೂರಿಸಿ ಬಗೆದುಕೊಂಡರೆ 140 ಆಗಬಹುದು. ಇನ್ನು ತುಂಬಿದ ಕಪ್ಪನ್ನು ಕಟ್ಟೆಗೆ ಟಕಟಕ ಕುಟ್ಟಿ, ಹಿಟ್ಟು ಕೆಳಗಿಳಿದ ಕೂಡಲೇ 'ಇನ್ನೂ ಜಾಗ ಇದೆಯಲ್ಲ' ಅಂತ ಮತ್ತೊಂದು ಚಮಚ ಸುರಿಯುವವರೂ ಇದ್ದಾರೆ, ಅವರ ಲೆಕ್ಕ ಅವರಿಗೇ ಪ್ರೀತಿ.

ಇದೆಲ್ಲ ಗಾಳಿಯ ಕೆಲಸ. ಸಕ್ಕರೆಯನ್ನೇ ನೋಡಿ. ನಡುವೆ ಗಾಳಿಯೇ ಇಲ್ಲದ ಗಟ್ಟಿ ಸಕ್ಕರೆ ಒಂದು ಮಿಲಿಲೀಟರಿಗೆ ಸುಮಾರು 1.6 ಗ್ರಾಂ ತೂಗುತ್ತದೆ. ಹಾಗಾದರೆ 240 ಮಿಲಿಲೀಟರಿನ ಕಪ್‌ನಲ್ಲಿ 380 ಗ್ರಾಂ ಹಿಡಿಯಬೇಕಿತ್ತು. ಹಿಡಿಯುವುದು ಬರೀ 200. ಹತ್ತಿರ ಹತ್ತಿರ ಅರ್ಧ ಕಪ್ ಗಾಳಿ! ಮೈದಾದಲ್ಲಂತೂ ಮೂರರಲ್ಲಿ ಎರಡು ಪಾಲು ಅದೇ. ಆದರೂ ಸಕ್ಕರೆ ಸಾಧು. ಹರಳುಗಳು ಜಾರಿಕೊಂಡು ತಾವಾಗಿಯೇ ಕೂರುತ್ತವೆ, ಯಾರು ಅಳೆದರೂ 200ರ ಹತ್ತಿರವೇ ಸಿಗುತ್ತದೆ. ನುಣ್ಣಗಿನ ಹಿಟ್ಟು ಹಾಗಲ್ಲ. ಕಣಕ್ಕೆ ಕಣ ಅಂಟಿಕೊಂಡು, ನಡುವೆ ಗಾಳಿ ಹಿಡಿದುಕೊಂಡು ಉಬ್ಬಿ ಕೂತಿರುತ್ತದೆ, ಯಾರಾದರೂ ಕುಟ್ಟುವವರೆಗೆ.

ದ್ರವಗಳಲ್ಲಿ ಈ ರಗಳೆ ಇಲ್ಲ. ಆದರೆ ಒಂದು ಮಿಲಿಲೀಟರ್ ಅಂದರೆ ಒಂದು ಗ್ರಾಂ ಅಂತ ಎಲ್ಲದಕ್ಕೂ ಲೆಕ್ಕ ಹಾಕುವವರು ಸ್ವಲ್ಪ ನಿಲ್ಲಬೇಕು. ಅದು ನೀರಿನ ಲೆಕ್ಕ. 1795ರಲ್ಲಿ ಫ್ರಾನ್ಸ್‌ನಲ್ಲಿ ಗ್ರಾಂ ಅನ್ನು ನಿಗದಿ ಮಾಡಿದ್ದೇ ಒಂದು ಘನ ಸೆಂಟಿಮೀಟರ್ ನೀರಿನ ತೂಕದಿಂದ. ಹಾಲಿಗೂ ಹೆಚ್ಚು ಕಡಿಮೆ ನಡೆಯುತ್ತದೆ. ಎಣ್ಣೆ ಮಾತ್ರ ಕಪ್‌ಗೆ 220 ಗ್ರಾಂನಷ್ಟೇ, ಜೇನುತುಪ್ಪ 340!

ಇಷ್ಟರ ಮೇಲೆ ಕಪ್ ಕೂಡ ಒಂದೇ ಅಲ್ಲ. ಅಮೆರಿಕದ್ದು ಸುಮಾರು 237 ಮಿಲಿಲೀಟರ್, ಆಸ್ಟ್ರೇಲಿಯಾದ್ದು 250, ಜಪಾನಿನದ್ದು 200. ದೊಡ್ಡ ಚಮಚ ಬೇರೆ ಕಡೆ 15 ಮಿಲಿಲೀಟರ್ ಆದರೆ ಆಸ್ಟ್ರೇಲಿಯಾದಲ್ಲಿ 20. ಇಷ್ಟೆಲ್ಲ ಇರುವಾಗ ಕೆಲವು ಪಟ್ಟಿಗಳು 236.588 ಅಂತ ಮೂರು ದಶಾಂಶದವರೆಗೆ ಬರೆಯುತ್ತವೆ. ಒಮ್ಮೆ ಕುಟ್ಟಿದರೆ ಹತ್ತಾರು ಗ್ರಾಂ ಆಚೀಚೆ ಆಗುವ ಹಿಟ್ಟಿಗೆ ಇಷ್ಟು ಗಾಂಭೀರ್ಯ ಯಾಕೆ ಅಂತ?

ಹಾಗಂತ ಕಪ್ಪನ್ನು ಬೈಯುವುದೂ ಸರಿಯಲ್ಲ. ಎಲ್ಲವನ್ನೂ ಒಂದೇ ಕಪ್‌ನಲ್ಲಿ, ಒಂದೇ ಕೈ ಅಳೆದರೆ ಪ್ರಮಾಣ ಹೇಗೋ ಹೊಂದಿಕೊಳ್ಳುತ್ತದೆ. ಪಜೀತಿ ಶುರುವಾಗುವುದು ಬೇರೆಯವರ ಕಪ್ಪನ್ನು ನಮ್ಮ ಗ್ರಾಂಗೆ ಇಳಿಸಲು ಹೊರಟಾಗ, ಇಲ್ಲವೇ ಮೊಟ್ಟೆಯ ಹಾಗೆ ಕಪ್‌ನ ಹಂಗೇ ಇಲ್ಲದ ವಸ್ತು ನಡುವೆ ಬಂದಾಗ. ನನ್ನ ಮಟ್ಟಿಗೆ ಪುಡಿಗಳೆಲ್ಲ ತಕ್ಕಡಿಗೆ, ಪಾತ್ರೆ ಇಟ್ಟು ಸೊನ್ನೆ ಒತ್ತಿ ಸುರಿದರೆ ತೊಳೆಯುವ ಕಪ್ ಕೂಡ ಉಳಿಯುತ್ತದೆ.

ಚಿಟಿಕೆ, ಅರ್ಧ ಚಮಚದ ಲೆಕ್ಕಕ್ಕೆ ಬಂದಾಗ ಮಾತ್ರ ತಕ್ಕಡಿ ಸೋಲುತ್ತದೆ. ಅಡುಗೆಮನೆಯ ತಕ್ಕಡಿ ಸಾಮಾನ್ಯವಾಗಿ ಒಂದೊಂದು ಗ್ರಾಂ ಲೆಕ್ಕದಲ್ಲೇ ಏರುವುದು. ಯೀಸ್ಟ್ ಒಂದು ಚಿಕ್ಕ ಚಮಚಕ್ಕೆ ಸುಮಾರು ಮೂರು ಗ್ರಾಂ, ಅದರಲ್ಲಿ ಅರ್ಧ ಬೇಕಾದರೆ ಏನು ಮಾಡುವುದು? ಅದೂ ಅಲ್ಲದೆ ಸಣ್ಣಗೆ ಉದುರಿಸುತ್ತಾ ಹೋದರೆ, ಕೆಲವು ತಕ್ಕಡಿಗಳು ಅದನ್ನು ತಮ್ಮದೇ ಅಲುಗಾಟ ಅಂದುಕೊಂಡು ಸುಮ್ನೆ ಸೊನ್ನೆ ತೋರಿಸುತ್ತಾ ಕೂರುತ್ತವೆ. ಅಲ್ಲಿ ಚಮಚವೇ ವಾಸಿ. ಉಪ್ಪು ಯಾವುದು ಅಂತ ನೋಡಿಕೊಂಡರಾಯಿತು: ಪುಡಿ ಉಪ್ಪು ಚಿಕ್ಕ ಚಮಚಕ್ಕೆ ಆರು ಗ್ರಾಂ ಬಂದರೆ, ಹಗುರ ಪದರದ ಉಪ್ಪು ಮೂರೇ ಗ್ರಾಂ ಇರಬಹುದು.