ಪ್ರಶ್ನೆ ಕೇಳಿದವರ ಅರ್ಜಿಯೇ ಯಾಕೆ ತಡವಾಗುತ್ತದೆ?

ನಮ್ಮ ಕೋಲಾರದ ಕಡೆ ಹಳ್ಳಿಗಳಲ್ಲಿ ಹೆಮ್ಮೆಯಿಂದ ಹೇಳುವ ಮಾತೊಂದಿದೆ: "ನಮ್ಮೂರಲ್ಲಿ ಎಲ್ಲಾ ಅವಿರೋಧ ಆಯ್ಕೆ." ಡೇರಿ ಚುನಾವಣೆ ಇರಲಿ, ಪಂಚಾಯ್ತಿ ಸೀಟು ಇರಲಿ, ದೊಡ್ಡವರು ಕೂತು ಮಾತಾಡಿ ಮುಗಿಸಿಬಿಡುತ್ತಾರೆ. ಖರ್ಚಿಲ್ಲ, ಜಗಳವಿಲ್ಲ ಅಂತ ಎಲ್ಲರಿಗೂ ಸಮಾಧಾನ. ಆ ಸಮಾಧಾನ ನನಗೂ ಅರ್ಥವಾಗುತ್ತದೆ. ಊರು ಎರಡು ಪಾರ್ಟಿಯಾದರೆ ಒಬ್ಬರ ಮನೆ ಮದುವೆಗೆ ಇನ್ನೊಬ್ಬರು ಹೋಗುವುದೂ ನಿಲ್ಲುತ್ತದೆ. ಆದರೆ ನಿಲ್ಲಬೇಕು ಅಂತಿದ್ದ ಹುಡುಗನ ಮನೆಗೆ ರಾತ್ರೋರಾತ್ರಿ ಹೋಗಿ, ಅವನಪ್ಪನಿಗೆ ನಾಲ್ಕು ಮಾತು ಹೇಳಿ, ನಾಮಪತ್ರ ವಾಪಸ್ ತೆಗೆಸಿದ ಮೇಲೆ ಬರುವ ಶಾಂತಿ ಎಂಥ ಪ್ರಜಾಪ್ರಭುತ್ವ?

ನಾನೀಗ ಇರುವುದು ಸ್ವಿಟ್ಜರ್ಲೆಂಡಿನಲ್ಲಿ. ಇಲ್ಲಿ ಗ್ಲಾರುಸ್ ಅಂತ ಬೆಟ್ಟಗಳ ನಡುವಿನ ಒಂದು ಪುಟ್ಟ ರಾಜ್ಯವಿದೆ. ಪ್ರತಿ ವರ್ಷ ಮೇ ತಿಂಗಳ ಮೊದಲ ಭಾನುವಾರ ಅಲ್ಲಿನ ಮತದಾರರು ಬಯಲಲ್ಲಿ ಸೇರಿ ರಾಜ್ಯದ ಕಾನೂನುಗಳನ್ನು ತೀರ್ಮಾನಿಸುತ್ತಾರೆ. ಇದಕ್ಕೆ ಲಾಂಡ್ಸ್‌ಗೆಮೈಂಡೆ ಅಂತಾರೆ. ಚರ್ಚೆಗೆ ಬರುವ ವಿಷಯಗಳ ಪುಸ್ತಕ ಮೊದಲೇ ಮನೆಮನೆಗೆ ತಲುಪಿರುತ್ತದೆ. ಯಾವ ಮತದಾರ ಬೇಕಾದರೂ ವೇದಿಕೆ ಹತ್ತಿ, ಸರ್ಕಾರ ಹೇಳಿದ್ದು ಸರಿಯಿಲ್ಲ, ಹೀಗೆ ಬದಲಾಯಿಸಿ ಅನ್ನಬಹುದು. 2006ರಲ್ಲಿ ಅದೇ ಆಯಿತು. 25 ಸ್ಥಳೀಯ ಆಡಳಿತಗಳನ್ನು ಸೇರಿಸಿ 10 ಮಾಡೋಣ ಅಂತ ಸರ್ಕಾರ ಪ್ರಸ್ತಾಪ ತಂದಿತ್ತು. ಒಬ್ಬ ಸಾಮಾನ್ಯ ನಾಗರಿಕ ಎದ್ದು, 10 ಬೇಡ, 3 ಸಾಕು ಅಂದ. ಜನ ಅವನ ಮಾತಿಗೆ ಕೈ ಎತ್ತಿದರು. ಮರುವರ್ಷ ಮತ್ತೊಮ್ಮೆ ಸೇರಿ ಅದನ್ನೇ ಖಾಯಂ ಮಾಡಿದರು. 2011ರಿಂದ ಅಲ್ಲಿ ಮೂರೇ ಇವೆ.

ನನಗೆ ಇದರಲ್ಲಿ ದೊಡ್ಡದಾಗಿ ಕಂಡಿದ್ದು ಅವನು ಗೆದ್ದಿದ್ದಲ್ಲ. ಸೋತಿದ್ದರೂ ಸೋಮವಾರ ಬೆಳಿಗ್ಗೆ ಯಾವ ಕಚೇರಿಯಲ್ಲೂ ಅವನ ಕೆಲಸ ನಿಲ್ಲುತ್ತಿರಲಿಲ್ಲ.

ಈ ದೇಶವನ್ನು ತಲೆ ಮೇಲೆ ಹೊತ್ತು ಮೆರೆಸುವುದು ನನ್ನ ಉದ್ದೇಶವಲ್ಲ. ಇಲ್ಲಿನ ಹೆಣ್ಣುಮಕ್ಕಳಿಗೆ ದೇಶಮಟ್ಟದಲ್ಲಿ ವೋಟು ಸಿಕ್ಕಿದ್ದು 1971ರಲ್ಲಿ. ಅಪೆನ್‌ಜೆಲ್ ಇನ್ನರ್‌ರೋಡನ್ ಎಂಬ ಇನ್ನೊಂದು ಪುಟ್ಟ ರಾಜ್ಯದಲ್ಲಂತೂ 1990ರವರೆಗೂ ಗಂಡಸರು ಬಯಲಲ್ಲಿ ನಿಂತು, ರಾಜ್ಯದ ವಿಷಯದಲ್ಲಿ ಹೆಂಗಸರಿಗೆ ವೋಟು ಬೇಡ ಅಂತಲೇ ಕೈ ಎತ್ತಿದರು. ಕೊನೆಗೆ ದೇಶದ ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ನಮ್ಮ ಅಜ್ಜಿಯರು 1952ರಲ್ಲೇ ವೋಟು ಹಾಕಿದ್ದರು, ಅಲ್ವಾ? ವೋಟಿನ ವಿಷಯದಲ್ಲಿ ನಾವು ಮುಂದೆ. ಹಿಂದೆ ಬಿದ್ದಿರುವುದು ವೋಟು ಹಾಕಿದ ಮಾರನೇ ದಿನದಿಂದ.

ಕಾನೂನಿನಲ್ಲಿ ನಮಗೇನೂ ಕಮ್ಮಿ ಇಲ್ಲ. ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಆರು ತಿಂಗಳಿಗೆ ಒಮ್ಮೆಯಾದರೂ ಗ್ರಾಮಸಭೆ ನಡೆಯಲೇಬೇಕು. ಹಿಂದೊಮ್ಮೆ ಊರಿಗೆ ಬಂದಾಗ ಅಂಥದ್ದೊಂದು ಸಭೆಯಲ್ಲಿ ಕೂತಿದ್ದೆ. ಶಾಮಿಯಾನ, ಬಾಡಿಗೆ ಕುರ್ಚಿ, ಮೈಕು. ಮೊದಲು ಪುಸ್ತಕದಲ್ಲಿ ಸಹಿ, ಹೆಬ್ಬೆಟ್ಟು. ಆಮೇಲೆ ಟೀ. ಕಾಮಗಾರಿಗಳ ಪಟ್ಟಿಯನ್ನು ಉಸಿರು ಬಿಡದೆ ಓದಿದರು. ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದಳು. "ಹೋದ ವರ್ಷಾನೂ ನಮ್ಮ ಬೀದಿ ಚರಂಡಿ ಬರ್ಕೊಂಡ್ರಿ. ಅದೇನಾಯ್ತು ಸ್ವಾಮಿ?" ಅಂದಳು. ಮುಂದಿನ ಸಾಲಿನಿಂದ ಒಂದು ದನಿ: "ಏ, ಸುಮ್ಕೆ ಕೂತ್ಕಳಮ್ಮ, ನಿಂಗೇನು ಗೊತ್ತು." ಆಕೆ ಪಕ್ಕದವಳೇ ಸೆರಗು ಎಳೆದು ಕೂರಿಸಿದಳು. ಪುಸ್ತಕದಲ್ಲಿ ಕೊನೆಗೆ ಬಿದ್ದಿದ್ದು: "ಸಭೆಯು ಸರ್ವಾನುಮತದಿಂದ ಒಪ್ಪಿತು."

ಪಕ್ಕದವಳು ಸೆರಗು ಎಳೆದಿದ್ದು ಹೇಡಿತನದಿಂದಲ್ಲ. ಅವಳಿಗೆ ಲೆಕ್ಕ ಗೊತ್ತು. ಇವತ್ತು ಯಾರನ್ನು ಪ್ರಶ್ನೆ ಕೇಳುತ್ತೇವೋ, ನಾಳೆ ಮನೆ-ಸೈಟಿನ ದಾಖಲೆಯಾದ ಇ-ಸ್ವತ್ತಿಗೆ ಅವರ ಮುಂದೆಯೇ ನಿಲ್ಲಬೇಕು. ಮನೆ ಬಿಲ್ಲು, ಉದ್ಯೋಗ ಖಾತ್ರಿ ಕೂಲಿ, ನಲ್ಲಿ ಕನೆಕ್ಷನ್, ಎಲ್ಲಾ ಅದೇ ಕೈಯಲ್ಲಿ. ಗ್ಲಾರುಸ್‌ನಲ್ಲೂ ಎಲ್ಲರ ಎದುರೇ ಕೈ ಎತ್ತಬೇಕು, ಯಾರು ಯಾವ ಕಡೆ ಅಂತ ಪಕ್ಕದ ಮನೆಯವನಿಗೆ ಕಾಣುತ್ತದೆ. ಆದರೆ ಅಲ್ಲಿ ಬೇಡ ಅಂದಿದ್ದಕ್ಕೆ ದಂಡ ಕಟ್ಟಬೇಕಿಲ್ಲ. ನಮ್ಮಲ್ಲಿ ಆ ದಂಡ ಯಾವ ರಸೀದಿಯಲ್ಲೂ ಇರುವುದಿಲ್ಲ. ಅರ್ಜಿ ಸುಮ್ನೆ ತಡವಾಗುತ್ತದೆ, ಅಷ್ಟೇ. "ಸರ್ವರ್ ಇಲ್ಲ, ಮುಂದಿನ ವಾರ ಬಾ."

ಇದು ಬರೀ ಚರಂಡಿಯ ಮಾತಲ್ಲ. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧಮಾಡಿ ಕೋಲಾರದ ಕೆರೆ ತುಂಬಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರ ಜೂನ್‌ನಲ್ಲಿ ಬಂತು. ಮರುತಿಂಗಳೇ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದಿತು. ಮೂರನೇ ಹಂತವೂ ಶುದ್ಧ ಮಾಡಿ ಕೊಡಿ ಅಂತ ಕೇಳಿದವರು ಕೋರ್ಟಿಗೆ ಹೋದರು. ಹೈಕೋರ್ಟ್ ಕೆಲಕಾಲ ತಡೆ ಕೊಟ್ಟಿತು, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ತಡೆ ಕೊಟ್ಟಿತು. ಆಮೇಲೆ ನೀರು ಮತ್ತೆ ಹರಿಯಿತು. ಒಣಗಿದ್ದ ಕೆರೆಗಳು ತುಂಬಿದ್ದು ನಿಜ. ಬೋರ್‌ವೆಲ್ ಕೊರೆಸಿ ಕೊರೆಸಿ ಸಾಲದಲ್ಲಿ ಮುಳುಗಿದ ರೈತನಿಗೆ ಆ ನೀರು ಎಷ್ಟು ದೊಡ್ಡದು ಅಂತ ನನಗೆ ಗೊತ್ತು. ಆದರೆ ಆ ದಿನಗಳಲ್ಲಿ ಫೋನಿನಲ್ಲಿ ನಾನು ಕೇಳಿದ ಮಾತುಗಳು ಇನ್ನೂ ನೋಯಿಸುತ್ತವೆ. "ಕೋಲಾರಕ್ಕೆ ನೀರು ಬರೋದು ಅವರಿಗೆ ಇಷ್ಟ ಇಲ್ಲ." ನೀರು ಚೊಕ್ಕಟವಾಗಿರಲಿ ಅಂದವರು ಊರಿನ ಶತ್ರುಗಳಾದರು. ಅವರೂ ಅದೇ ಮಣ್ಣಿನವರು, ಅದೇ ಟೊಮೆಟೊ ಬೆಳೆಯುವವರು.

ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು, ನಿಷೇಧ ಮೀರಿ ಬಾವುಟ ಹಾರಿಸಲು ಸೇರಿದವರ ಮೇಲೆ ಗುಂಡು ಹಾರಿತು. ಅಲ್ಲಿನ ಸ್ಮಾರಕಕ್ಕೆ ನಾವು ಮಕ್ಕಳನ್ನು ಕರೆದುಕೊಂಡು ಹೋಗುತ್ತೇವೆ. ಸರ್ಕಾರ ಬೇಡ ಅಂದದ್ದನ್ನು ಮಾಡಿದವರು ಅವರು. ಅವರನ್ನು ಹುತಾತ್ಮರು ಅಂತ ಪೂಜಿಸುವ ನಾವು, ನಮ್ಮ ಕಾಲದಲ್ಲಿ ಬೇಡ ಅಂದವರನ್ನು ತಲೆಹರಟೆ ಅಂತ ಯಾಕೆ ಕರೆಯುತ್ತೇವೆ?

ದೊಡ್ಡ ಕ್ರಾಂತಿ ಬೇಕಿಲ್ಲ. ಗ್ರಾಮಸಭೆಯ ನಡಾವಳಿಯಲ್ಲಿ ವಿರೋಧವನ್ನೂ ಬರೆಯಿರಿ. ಯಾರು ಏನು ಕೇಳಿದರು, ಯಾರು ಏನು ಉತ್ತರ ಕೊಟ್ಟರು ಅಂತ ಹೆಸರು ಸಮೇತ ಬರಲಿ. ಸಹಿ ಟೀಗೆ ಮೊದಲಲ್ಲ, ಬರೆದದ್ದನ್ನು ಓದಿ ಹೇಳಿದ ಮೇಲೆ ಹಾಕಿಸಿ. ಪ್ರಶ್ನೆ ಕೇಳಿದವರ ಅರ್ಜಿ ಯಾವ ದಿನ ಬಂತು, ಯಾವ ದಿನ ವಿಲೇವಾರಿ ಆಯ್ತು ಅಂತ ಮುಂದಿನ ಸಭೆಯಲ್ಲಿ ಗಟ್ಟಿಯಾಗಿ ಓದಿ. ಊರಲ್ಲಿರುವ ನನ್ನ ತಮ್ಮಂದಿರೇ, ತಂಗಿಯರೇ, ಆ ಪುಸ್ತಕ ನೋಡುವ ಹಕ್ಕು ನಿಮಗಿದೆ. ಮುಂದಿನ ಸಭೆಗೆ ಮೊದಲೇ ಹೋಗಿ ಕೇಳಿ. ಒಬ್ಬೊಬ್ಬರೇ ಹೋಗಬೇಡಿ, ನಾಲ್ಕೈದು ಜನ ಸೇರಿ ಹೋಗಿ.