ದುಡ್ಡು ಸುರಿಯಲೂ ಲಾಟರಿ ಹೊಡೆಯಬೇಕು

ಟೋಕಿಯೋದ ಇಕೆಬುಕುರೊ ಬಡಾವಣೆಯಲ್ಲಿ ಇನ್ನೊಂದು ಅನಿಮೆ ಪಾಪ್‌ಅಪ್ ಅಂಗಡಿಯಂತೆ, ಅಂದರೆ ಜಪಾನಿ ಕಾರ್ಟೂನು ಪಾತ್ರಗಳ ಸಾಮಾನು ಮಾರುವ ತಾತ್ಕಾಲಿಕ ಅಂಗಡಿ. ಎರಡೇ ವಾರ. ಮೊದಲ ಕೆಲವು ದಿನ ಒಳಗೆ ಕಾಲಿಡಬೇಕಾದರೆ ಲಾಟರಿಯಲ್ಲಿ ಹೆಸರು ಬರಬೇಕು. ಬಂದರೆ ಬಹುಮಾನ ಏನು ಅಂದಿರಾ? ಮೂವತ್ತು ನಿಮಿಷ ಒಳಗೆ ನಿಂತು ದುಡ್ಡು ಸುರಿಯುವ ಭಾಗ್ಯ. ತಿರುಪತಿಯಲ್ಲಿ ಟೋಕನ್ ಹಿಡಿದು ನಿಂತವರಿಗೆ ಕೊನೆಗೆ ಲಡ್ಡುವಾದರೂ ಖಾತ್ರಿ.

ಲಾಟರಿಗೆ ಅರ್ಜಿ ಹಾಕಲು ಸಾಮಾನ್ಯವಾಗಿ ಜಪಾನಿನ ಮೊಬೈಲ್ ನಂಬರಿಗೆ ಓಟಿಪಿ ಬರಬೇಕು. ಬೆಂಗಳೂರಿನಿಂದ ಇ-ಸಿಮ್ ಹಾಕಿಸಿಕೊಂಡು ಹೋದವರ ಕಥೆ ಅಲ್ಲಿಗೇ ಮುಗಿಯಿತು: ಪ್ರವಾಸಿಗರ ಇ-ಸಿಮ್‌ನಲ್ಲಿ ಬಹುಪಾಲು ಡೇಟಾ ಮಾತ್ರ, ನಂಬರ್ ಇರುವುದಿಲ್ಲ. ಲಾಟರಿ ಬಂದವರೂ ಟಿಕೆಟನ್ನು ಆ್ಯಪ್‌ನಲ್ಲೇ ತೋರಿಸಬೇಕು, ಸ್ಕ್ರೀನ್‌ಶಾಟ್ ನಡೆಯಲ್ಲ. ಹೊತ್ತು ಮೀರಿದರೆ ಟಿಕೆಟ್ ರದ್ದು. ಲಾಟರಿ ಇಲ್ಲದ ದಿನಗಳಲ್ಲಿ ಬೆಳಿಗ್ಗೆ ‘ಸೇರಿಕೆನ್’ ಎಂಬ ನಂಬರ್ ಚೀಟಿ ಹಂಚುತ್ತಾರೆ. ಚೀಟಿ ಸಿಕ್ಕಿತೆಂದು ಹಿಗ್ಗಬೇಡಿ. ಅದು ಬಾಗಿಲಿನ ಚೀಟಿ, ಒಳಗೆ ಮಾಲು ಉಳಿದಿರುತ್ತದೆ ಎಂಬ ಭರವಸೆ ಅದರಲ್ಲಿಲ್ಲ.

ಒಳಗಿನ ಮೂಲದೇವರು ತಗಡಿನ ಬ್ಯಾಡ್ಜ್. ಸುಮಾರು 57 ಮಿಲಿಮೀಟರ್ ಅಗಲ. ತೆಳು ತಗಡು, ಅದರ ಮೇಲೆ ಅಚ್ಚಾದ ಕಾಗದ, ಅದರ ಮೇಲೊಂದು ಪ್ಲಾಸ್ಟಿಕ್ ಪೊರೆ, ಬೆನ್ನಿಗೊಂದು ಪಿನ್ನು. ಬೆಲೆ 500 ಯೆನ್ ಆಸುಪಾಸು. ಯಾವ ಪಾತ್ರದ ಮುಖ ಎಂಬುದು ಪೊಟ್ಟಣ ಹರಿಯುವತನಕ ದೇವರಿಗೂ ಗೊತ್ತಿಲ್ಲ. ಹನ್ನೆರಡು ಪಾತ್ರಗಳು, ತಲೆಗೆ ಹತ್ತೇ ಪೊಟ್ಟಣ ಅಂತಿಟ್ಟುಕೊಳ್ಳಿ. ಎಲ್ಲವೂ ಸಮನಾಗಿ ಬೆರೆತಿದ್ದರೂ, ಹತ್ತನ್ನೂ ಕೊಂಡ ನೂರು ಜನರಲ್ಲಿ ಸುಮಾರು 42 ಮಂದಿಗೆ ತಮ್ಮ ನೆಚ್ಚಿನ ಮುಖ ಸಿಗುವುದಿಲ್ಲ. ಹನ್ನೆರಡೂ ಬೇಕೆಂಬ ಹಟವಿದ್ದರೆ ಸರಾಸರಿ 37 ಪೊಟ್ಟಣ, ಅಂದರೆ 18,500 ಯೆನ್. ತಗಡಿಗೆ! ಮಂಗಳೂರಿನ ಮಳೆಗಾಲಕ್ಕೆ ತಂದಿಟ್ಟರೆ ಪಿನ್ನಿಗೆ ತುಕ್ಕು ಹಿಡಿಯಲು ಹೆಚ್ಚು ದಿನ ಬೇಡ. ಪ್ಲಾಸ್ಟಿಕ್ ಕವರು, ಸಿಲಿಕಾ ಜೆಲ್ ಪೊಟ್ಟಣ ಎರಡೂ ಬೇಕು. ಬಂದದ್ದೇ ಮತ್ತೆ ಬಂತು ಅಂದರೆ ಅಂಗಡಿಯವರು ಬದಲಿಸುವುದಿಲ್ಲ. ಅಂಗಡಿಯೊಳಗೆ ಗಿರಾಕಿಗಳು ತಮ್ಮತಮ್ಮಲ್ಲೇ ಬದಲಾಯಿಸಿಕೊಳ್ಳಬಾರದು ಎಂದು ಬೋರ್ಡು ಬೇರೆ. ಹಾಗಾಗಿ ಹತ್ತಿರದ ನಾಕಾ-ಇಕೆಬುಕುರೊ ಪಾರ್ಕಿನಲ್ಲಿ ಸಂತೆ ಕೂಡುತ್ತದೆ. ನಾಯಕನ ಒಂದು ಬ್ಯಾಡ್ಜಿಗೆ ಪೋಷಕ ಪಾತ್ರದವು ಎರಡೋ ಮೂರೋ. ಕೊಡುವ ಮುಂಚೆ ಬೆಳಕಿಗೆ ಹಿಡಿದು ಗೀರು ನೋಡಿಕೊಳ್ಳುತ್ತಾರೆ, ಥೇಟ್ ಚಿನಿವಾರರ ಗತ್ತು.

ಮೊಬೈಲ್ ಗೇಮುಗಳಲ್ಲಿ ದುಡ್ಡು ಕೊಟ್ಟು, ಅದೃಷ್ಟಕ್ಕೆ ಬಂದ ಬಿಡಿ ಚಿತ್ರ ಕೂಡಿಸಿ ಸೆಟ್ ಪೂರ್ತಿ ಮಾಡಿದವರಿಗೆ ಬಹುಮಾನ ಕೊಡುವ ‘ಕಂಪ್ಲೀಟ್ ಗಾಚಾ’ ಕಾನೂನಿಗೆ ವಿರುದ್ಧ ಎಂದು ಜಪಾನಿನ ಗ್ರಾಹಕ ವ್ಯವಹಾರ ಇಲಾಖೆ 2012ರಲ್ಲೇ ಹೇಳಿತು. ಬ್ಯಾಡ್ಜಿನವರು ಕಾನೂನಿಗೆ ತಲೆಬಾಗುವ ಸಜ್ಜನರು. ಸೆಟ್ ಪೂರ್ತಿ ಮಾಡಿದರೂ ಏನೂ ಕೊಡುವುದಿಲ್ಲ, ತಪ್ಪೆಲ್ಲಿಂದ ಬರಬೇಕು?

ಕೊಡುವ ಕೊಡುಗೆಯ ಲೆಕ್ಕ ಬೇರೆ. ಒಂದೇ ಬಿಲ್ಲಿನಲ್ಲಿ 3,000 ಯೆನ್‌ಗೆ ಒಂದು ಪೋಸ್ಟ್‌ಕಾರ್ಡ್ ಅಂದರೆ 5,900ಕ್ಕೂ ಒಂದೇ; ಎರಡು ಬಿಲ್ ಕೂಡಿಸುವ ಹಾಗಿಲ್ಲ. ಆ ನೂರು ಯೆನ್ ತುಂಬಿಸಲು ಯಾರಿಗೂ ಬೇಡದ ಪ್ಲಾಸ್ಟಿಕ್ ಫೈಲ್ ಬುಟ್ಟಿಗೆ ಬೀಳುತ್ತದೆ. ಪೋಸ್ಟ್‌ಕಾರ್ಡಿನಲ್ಲಿ ಯಾರ ಚಿತ್ರ? ಅದೂ ಅದೃಷ್ಟ.

2025ರ ಆಗಸ್ಟ್‌ನಲ್ಲಿ ಜಪಾನಿನ ಮೆಕ್‌ಡೊನಾಲ್ಡ್ಸ್‌ನಲ್ಲಿ ಪೊಕೆಮಾನ್ ಕಾರ್ಡಿಗಾಗಿ ಊಟ ಕೊಂಡು, ಕಾರ್ಡ್ ಕಿತ್ತುಕೊಂಡು, ತಿನ್ನುವುದನ್ನು ಬೀದಿಗೆ ಎಸೆದದ್ದು ನೆನಪಿದೆಯಲ್ಲ. ಕಂಪನಿ ಕ್ಷಮೆ ಕೇಳಿತು. ಇಲ್ಲಿ ಕ್ಷಮೆ ಕೇಳುವ ಕೆಲಸ ಕೌಂಟರಿನ ಪಾರ್ಟ್‌ಟೈಮ್ ಹುಡುಗಿಯದು. ಮೊದಲ ದಿನವೇ ಪಾತ್ರದ ಚಿತ್ರವಿರುವ ಅಕ್ರಿಲಿಕ್ ಸ್ಟ್ಯಾಂಡ್ ಖಾಲಿ. ‘ಮುಗಿದಿದೆ’ ಚೀಟಿ ಅಂಟಿಸಿ ಬಂದವರಿಗೆಲ್ಲ ಅವಳು ಬಗ್ಗಿ ನಮಸ್ಕರಿಸಬೇಕು. ಅಷ್ಟು ಹೊತ್ತಿಗೆ ಅದೇ ಸ್ಟ್ಯಾಂಡು ಮರುಮಾರಾಟದ ಆ್ಯಪ್‌ನಲ್ಲಿ ದುಪ್ಪಟ್ಟಿಗೆ ಕೂತಿರುತ್ತದೆ. ಲಾಟರಿಗೆ ಎಷ್ಟು ಅರ್ಜಿ ಬಂದಿದೆ ಎಂಬುದು ವಾರದ ಮೊದಲೇ ಅಂಗಡಿ ನಡೆಸುವವರ ಕಂಪ್ಯೂಟರಿನಲ್ಲಿರುತ್ತದೆ. ಗೊತ್ತಿದ್ದೂ ಕಡಿಮೆ ಮಾಡಿಸಿ, ಜನರನ್ನು ಓಡಿಸಿ, ಆಮೇಲೆ ‘ನಿರೀಕ್ಷೆ ಮೀರಿದ ಪ್ರತಿಕ್ರಿಯೆ’ ಎನ್ನುವುದಕ್ಕೆ ನಾಚಿಕೆ ಬೇಡವೇ?

ಅಂಗಡಿ ಎತ್ತಿದ ಮೇಲೆ ಎಷ್ಟೋ ಸಲ ಅದೇ ಮಾಲಿಗೆ ಆನ್‌ಲೈನಿನಲ್ಲಿ ಆರ್ಡರ್ ತೆಗೆದುಕೊಳ್ಳುತ್ತಾರೆ. ಕೇಳಿದಷ್ಟು ತಯಾರಿಸಿ ಎರಡು ಮೂರು ತಿಂಗಳಿಗೆ ಮನೆಗೆ ಕಳಿಸುತ್ತಾರೆ. ಬ್ಯಾಡ್ಜಿನ ಪೊಟ್ಟಣ ಮಾತ್ರ ಅಲ್ಲೂ ಮುಚ್ಚಿದ್ದೇ, ಸಾಗಣೆ ವೆಚ್ಚ ಬೇರೆ.